ಹಳೇ ಮನೆಗೆ ತಾಗಿಸಿ ಹೊಸ ಮನೆ ಕಟ್ಟುವಾಗ

ಪಾಲಾದ ಸೈಟಿನಲ್ಲಿ ಹಿರಿಯರ ಮನೆ ಉಳಿಸಿಕೊಂಡು, ಅದರ ಪಕ್ಕಕ್ಕೇ ಇನ್ನೊಂದು ಸಂಸಾರಕ್ಕೆ ಮನೆ ಕಟ್ಟುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳೇ ಬೀದಿಗಳಲ್ಲಿ ಮಾಮೂಲು. ಹಳೇದು ಹೆಚ್ಚಾಗಿ ಸೈಜುಗಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಕಲ್ಲು ಚಪ್ಪಡಿ ಅಥವಾ ಮದರಾಸು ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯ ಮಾಡು). ಹೊಸದು ಪಿಲ್ಲರ್ ಎಬ್ಬಿಸಿದ ಆರ್‌ಸಿಸಿ. ಹಳೇ ಮನೆ ಎಷ್ಟು ಕೂರಬೇಕೋ ಅಷ್ಟು ಎಂದೋ ಕೂತಾಗಿದೆ. ಹೊಸದು ಕಟ್ಟಿ ಮುಗಿದ ಮೇಲೂ ಒಂದಿಷ್ಟು ಕೂರುತ್ತದೆ. ಎರಡನ್ನೂ ಬಿಗಿದರೆ ಬಿರುಕು ಬಿಡದೇ ಇರದು. ನೋಡುವವರಿಗೆ ಒಂದೇ ಮನೆ ಅನ್ನಿಸಲಿ. ಆದರೆ ಪಾಯದಿಂದ ತಾರಸಿವರೆಗೆ ಹೊಸ ಮನೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಕಾಗದಪತ್ರ ಮೊದಲು ಮುಗಿಸಿ. ನೋಂದಣಿಯಾದ ವಿಭಾಗ ಪತ್ರ, ಎರಡೂ ಭಾಗಕ್ಕೆ ಬೇರೆಬೇರೆ ಇ-ಖಾತೆ (ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆಗಳು), ಆಮೇಲೆ ಪ್ಲಾನ್ ಮಂಜೂರಾತಿ. ಪ್ಲಾನಿನಲ್ಲಿ ಹಳೇ ಮನೆಯನ್ನೂ ಅಳತೆ ಸಮೇತ ತೋರಿಸಿ. ನಿಮ್ಮ ಸೈಟಿನ ಅಳತೆಗೆ ಗೋಡೆ ತಾಗಿಸಿ ಕಟ್ಟಲು ಅವಕಾಶವಿದೆಯೇ ಎಂದು ಪಾಲಿಕೆಯಲ್ಲೋ ನಗರಸಭೆಯಲ್ಲೋ ಬರವಣಿಗೆಯಲ್ಲೇ ತಿಳಿದುಕೊಳ್ಳಿ.

ಅಗೆಯುವ ಮೊದಲು

ಹಳೇ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೋ ತೆಗೆದಿಡಿ. ಪ್ರತಿ ದೊಡ್ಡ ಬಿರುಕಿಗೆ ಅಡ್ಡಲಾಗಿ, ಸುಣ್ಣಬಣ್ಣದ ಮೇಲಲ್ಲ, ಕೆರೆದ ಗಟ್ಟಿ ಗೋಡೆಗೇ ತೆಳು ಗಾಜಿನ ಪಟ್ಟಿಯ ಎರಡು ತುದಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಪಾಯ ಅಗೆಯುವಾಗ ಗಾಜು ಸೀಳಿತೆಂದರೆ ಗೋಡೆ ಅಲುಗಿದೆ ಎಂದರ್ಥ. ಅವತ್ತೇ ಕೆಲಸ ನಿಲ್ಲಿಸಿ ಎಂಜಿನಿಯರ್‌ಗೆ ತೋರಿಸಿ.

ಆಮೇಲೆ ಹಳೇ ಗೋಡೆಯ ಪಕ್ಕದಲ್ಲಿ, ಮೂಲೆ ಬಿಟ್ಟು, 3 ಅಡಿ ಚದರದ ಒಂದೇ ಒಂದು ಗುಂಡಿ ತೆಗೆಸಿ. ಹಳೇ ಪಾಯ ಎಷ್ಟು ಆಳಕ್ಕಿದೆ, ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ಅದರಡಿ ಎಂಥ ಮಣ್ಣಿದೆ, ಮೂರೂ ಗೊತ್ತಾಗುತ್ತದೆ. ಕೆಂಪು ಮಣ್ಣಿನ ಕೆಳಗೆ ಗರಸು ಸಿಕ್ಕರೆ ಒಳ್ಳೆಯದು. ಕೆರೆ ಸೆರಗಿನ ತಗ್ಗು ಜಾಗಗಳಲ್ಲಿ ಕಪ್ಪು ಜೇಡಿ ಸಿಕ್ಕಿದರೆ ಮಣ್ಣು ಪರೀಕ್ಷೆ ಮಾಡಿಸದೆ ಮುಂದಕ್ಕೆ ಹೋಗಬೇಡಿ.

ಹಿತ್ತಲಿನ ಹಳೇ ಇಂಗುಗುಂಡಿ, ಕಕ್ಕಸು ಗುಂಡಿ, ಮುಚ್ಚಿದ ಬಾವಿ ಎಲ್ಲಿದ್ದವು ಎಂದು ಮನೆಯ ಹಿರಿಯರನ್ನು ಕೇಳಿ. ಹೊಸ ಮನೆ ಬರುವುದು ಹೆಚ್ಚಾಗಿ ಅದೇ ಜಾಗಕ್ಕೆ. ಗುಂಡಿಯ ಮೆದು ಮಣ್ಣನ್ನು ಪೂರ್ತಿ ಎತ್ತಿಸಿ, ಗಟ್ಟಿ ನೆಲದಿಂದ 1:4:8 ಕಾಂಕ್ರೀಟಿನಲ್ಲಿ (ಸಿಮೆಂಟ್ 1, ಮರಳು 4, ಜಲ್ಲಿ 8 ಪಾಲು) ತುಂಬಿಸಿ. ಬಾವಿಯಾದರೆ ಅದರ ಮೇಲೆ ಪಿಲ್ಲರ್ ಬರದಂತೆ ಪ್ಲಾನನ್ನೇ ಬದಲಿಸಬೇಕು.

ಪಾಯ

ಹಳೇ ಗೋಡೆಯಿಂದ 5 ಅಡಿಯೊಳಗೆ ಜೆಸಿಬಿ ಬೇಡ, ಕೈಯಲ್ಲೇ ಅಗೆಸಿ. ಕೋಲಾರದ ಕಡೆ ಬಂಡೆ ಬೇಗ ಎದುರಾಗುತ್ತದೆ. ಅಲ್ಲಿ ಬ್ರೇಕರ್ ಹಚ್ಚಿದರೆ ಮಣ್ಣಿನ ಗಾರೆಯ ಗೋಡೆ ಅದುರಿ ಸಡಿಲವಾಗುತ್ತದೆ. ರಂಧ್ರ ಕೊರೆದು, ಉಬ್ಬಿ ಬಂಡೆ ಸೀಳುವ ಪುಡಿ ತುಂಬಿಸಿ, ಉಳಿದದ್ದನ್ನು ಉಳಿಯಲ್ಲಿ ತೆಗೆಸಿ.

ಹೊಸ ಪಾಯ ಹಳೇದಕ್ಕಿಂತ ಆಳಕ್ಕೆ ಇಳಿಯಲೇಬೇಕಾದರೆ, ಗರಸು ನೆಲದಲ್ಲಿ ಹೆಚ್ಚಿಗೆ ಇಳಿಯುವ ಪ್ರತಿ 1 ಅಡಿ ಆಳಕ್ಕೆ ಹಳೇ ಪಾಯದಿಂದ ಕನಿಷ್ಠ 2 ಅಡಿ ದೂರ ಇಡಿ. ಹಾಗೆ ದೂರ ಬಿಡದಿದ್ದರೆ ಹಳೇ ಪಾಯದಡಿಯ ಮಣ್ಣು ಹೊಸ ಗುಂಡಿಗೆ ಜರಿಯುತ್ತದೆ. ಅದಕ್ಕೇ ಪಿಲ್ಲರ್‌ಗಳನ್ನು ಹಳೇ ಗೋಡೆಗೆ ಒತ್ತಿ ನಿಲ್ಲಿಸದೆ 3ರಿಂದ 4 ಅಡಿ ಹಿಂದಕ್ಕೆ ತಂದು, ಅಲ್ಲಿಂದ ಗೋಡೆವರೆಗೆ ಕ್ಯಾಂಟಿಲಿವರ್ ಬೀಮ್ (ಒಂದೇ ಕಡೆ ಆಧಾರವಿದ್ದು, ಇನ್ನೊಂದು ತುದಿ ಗಾಳಿಯಲ್ಲಿ ನಿಲ್ಲುವ ತೊಲೆ) ಚಾಚುವುದು ಸರಿಯಾದ ಕ್ರಮ. ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರೇ ಹಾಕಬೇಕು, ಮೇಸ್ತ್ರಿ ಅಲ್ಲ. ಜಾಗ ಸಾಲದೆಂದು ಹಳೇ ಪಾಯದ ಚಾಚಿದ ಕಲ್ಲನ್ನು ಒಡೆಸುವವರಿದ್ದಾರೆ. ಆ ಚಾಚಿದ ಕಲ್ಲೇ ಗೋಡೆಯ ಭಾರವನ್ನು ನೆಲಕ್ಕೆ ಹಂಚುತ್ತಿರುವುದು, ದಯವಿಟ್ಟು ಮುಟ್ಟಬೇಡಿ.

ಒಂದು ಪಕ್ಕದ ಅಗೆತವನ್ನು ಒಟ್ಟಿಗೆ ತೆರೆದಿಡಬೇಡಿ. 4 ಅಡಿ ಅಗೆದು, ಕಾಂಕ್ರೀಟ್ ಹಾಕಿ ಮುಚ್ಚಿ, ನಡುವೆ ಒಂದು ತುಂಡು ಬಿಟ್ಟು ಮುಂದಿನದಕ್ಕೆ ಹೋಗಿ. ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪಾಯದ ಕೆಲಸ ಜನವರಿಯಿಂದ ಏಪ್ರಿಲ್‌ನೊಳಗೆ ಮುಗಿದರೆ ನೆಮ್ಮದಿ. ಬಿಸಿಲಿನ ದಿನ, ಅದರಲ್ಲೂ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ, ಕನಿಷ್ಠ 10 ದಿನ ನೀರುಣಿಸುವುದು ತಪ್ಪಬಾರದು.

ನೆಲದ ಮಟ್ಟದಲ್ಲಿ ಆಗುವ ಅನಾಹುತ

ರಸ್ತೆ ಏರಿ ಏರಿ ಹಳೇ ಮನೆಯ ನೆಲ ತಗ್ಗಾಗಿರುತ್ತದೆ. ಹೊಸದನ್ನು ರಸ್ತೆಗಿಂತ ಒಂದೂವರೆ, 2 ಅಡಿ ಎತ್ತರಿಸುವುದು ಸರಿ. ಆದರೆ ಎತ್ತರಿಸಲು ತುಂಬಿದ ಮಣ್ಣು ಹಳೇ ಗೋಡೆಗೆ ನೇರವಾಗಿ ಒರಗಿದರೆ ಅದರ ತೇವವನ್ನೆಲ್ಲ ಮಣ್ಣಿನ ಗಾರೆ ಹೀರುತ್ತದೆ. ಒಂದೆರಡು ಮಳೆಗಾಲದಲ್ಲಿ ಹಳೇ ಮನೆಯ ಒಳಗೋಡೆಯ ಗಿಲಾವು ಉಬ್ಬಿ ಉದುರಲು ಶುರುವಾಗುತ್ತದೆ, ಗೆದ್ದಲೂ ಏರುತ್ತದೆ. ಹೊಸ ಮನೆಯ ಕಡೆ 9 ಇಂಚಿನ ಪ್ರತ್ಯೇಕ ಗೋಡೆ ಕಟ್ಟಿ ಮಣ್ಣು ತಡೆಯಿರಿ. ತೇವ ತಡೆಯುವ ಪದರವನ್ನು ಹೊಸ ಗೋಡೆಗೆ ಕೊಡುವುದು ಮರೆಯಬೇಡಿ.

ಸಂದಿ

ಎರಡು ಗೋಡೆಗಳ ನಡುವೆ ಕನಿಷ್ಠ 25 ಮಿ.ಮೀ. ಸಂದಿ, ನೆಲದಿಂದ ಪ್ಯಾರಪೆಟ್‌ವರೆಗೆ ಒಂದೇ ನೇರಕ್ಕೆ ಇರಲಿ. ಅಷ್ಟೇ ದಪ್ಪದ ಥರ್ಮೋಕೋಲ್ ಹಾಳೆಯನ್ನು ಹಳೇ ಗೋಡೆಗೆ ನಿಲ್ಲಿಸಿ ಅದಕ್ಕೆ ಒತ್ತಿ ಕಟ್ಟಿಸಿದರೆ ಗಾರೆ ಒಳಗೆ ಬೀಳುವುದಿಲ್ಲ. ಸಂದಿಗೆ ಗಾರೆ ಬಿದ್ದರೆ ಅಲ್ಲಿಯೇ ಎರಡು ಮನೆ ಬೆಸೆದುಕೊಳ್ಳುತ್ತವೆ. ಹಳೇ ಗೋಡೆಯ ಕಲ್ಲು ಕಿತ್ತು ಹಲ್ಲುಹಲ್ಲಾಗಿ ಸೇರಿಸುವುದು, ಕಂಬಿ ತೂರಿಸುವುದು, ಹೊಸ ಮೋಲ್ಡನ್ನು ಹಳೇ ಗೋಡೆ ಮೇಲೆ ಕೂರಿಸುವುದು ಮೂರೂ ಬೇಡ. ಮೇಲೆ ಕೋಳಿ ಬಲೆ ಹೊಡೆದು ಗಿಲಾವು ಮಾಡಿದರೂ ಬಿರುಕು ಅದೇ ಜಾಗದಲ್ಲಿ ಮತ್ತೆ ಬರುತ್ತದೆ.

ಹೊರಮೈಯಲ್ಲಿ ಥರ್ಮೋಕೋಲನ್ನು 2 ಇಂಚು ಕೆರೆದು ತೆಗೆದು, ಸಂದಿಗಿಂತ ತುಸು ದಪ್ಪದ ಫೋಮ್ ಹಗ್ಗ ತುರುಕಿ, ಮೇಲೆ ಪಾಲಿಯುರೇಥೇನ್ ಸೀಲೆಂಟ್ ತುಂಬಿಸಿ. ಅದರ ಮೇಲಿನ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂ ಒಂದೇ ಪಕ್ಕದ ಗೋಡೆಗಿರಲಿ. ಎರಡೂ ಪಕ್ಕಕ್ಕೆ ಹೊಡೆದರೆ ಪಟ್ಟಿ ಬಾಗುತ್ತದೆ, ಇಲ್ಲವೇ ಸ್ಕ್ರೂ ಕಿತ್ತು ಬರುತ್ತದೆ.

ನೀರು ಸೋರುವುದು ಬಹುಪಾಲು ತಾರಸಿಯಲ್ಲಿ. ಸಂದಿಯ ಎರಡೂ ಬದಿಗೆ 6 ಇಂಚು ಎತ್ತರದ ಕಟ್ಟೆ ಎಬ್ಬಿಸಿ, ಮೇಲೆ ಎರಡನ್ನೂ ಮುಚ್ಚುವಂತೆ ಮಡಚಿದ ತಗಡನ್ನು ಒಂದೇ ಬದಿಗೆ ಬಿಗಿಸಿ. ಹಳೇ ಚಪ್ಪಡಿ ತಾರಸಿಯ ನೀರು ಈವರೆಗೆ ಇದೇ ಬದಿಗೆ ಬೀಳುತ್ತಿದ್ದರೆ ಅದರ ಇಳಿಜಾರನ್ನು ಬೇರೆ ಕಡೆಗೆ ತಿರುಗಿಸಿ, 4 ಇಂಚಿನ ಪೈಪಿನಲ್ಲಿ ಇಳಿಸಬೇಕು. ಈ ಕೆಲಸ ಹೊಸ ಗೋಡೆ ಏಳುವ ಮೊದಲೇ ಆಗಲಿ, ಆಮೇಲೆ ಕೈ ಹೋಗುವುದಿಲ್ಲ.

ನಡುವೆ ಬಾಗಿಲು ಬೇಕೆಂದರೆ

ಒಂದೂವರೆ ಅಡಿ ದಪ್ಪದ ಕಲ್ಲು ಗೋಡೆಯನ್ನು ಒಮ್ಮೆಲೇ ಒಡೆಯಬೇಡಿ. ಮೇಲಿನ ಚಪ್ಪಡಿಗೆ ಜಾಕಿ ಕೊಟ್ಟು, ಗೋಡೆಯ ಅರ್ಧ ದಪ್ಪವನ್ನು ಮಾತ್ರ ಬಿಡಿಸಿ ಮೊದಲೇ ಎರಕ ಹೊಯ್ದ ಲಿಂಟಲ್ ಕೂರಿಸಿ. ಎರಡೂ ತುದಿ 9 ಇಂಚು ಗೋಡೆಯ ಮೇಲೆ ಕೂತಿರಲಿ. ಮೇಲಿನ ಸಂದುಗಳಿಗೆ ಗಾರೆ ಗಿಡಿದು, ಒಂದು ವಾರ ಬಿಟ್ಟು ಇನ್ನರ್ಧ ಮಾಡಿ. ಎರಡೂ ಲಿಂಟಲ್ ಕೂತ ಮೇಲಷ್ಟೇ ಕೆಳಗಿನ ಕಲ್ಲು ತೆಗೆಸಿ. ಹೊಸ ಗೋಡೆಗೆ ಅದರದೇ ಲಿಂಟಲ್, ಬಾಗಿಲ ಚೌಕಟ್ಟು ಒಂದೇ ಗೋಡೆಗೆ.

ಬೆಸ್ಕಾಂ ಮೀಟರ್, ಅರ್ಥಿಂಗ್ ಗುಂಡಿ, ಒಳಚರಂಡಿ ಚೇಂಬರ್ ಹೊಸ ಮನೆಗೆ ಬೇರೆಯೇ ಇರಲಿ. ಪೈಪೋ ವೈರೋ ಸಂದಿ ದಾಟಲೇಬೇಕಾದರೆ ಅಲ್ಲಿ ಬಗ್ಗುವ ತುಂಡು ಹಾಕಿಸಿ. ಸಂದಿಯ ಅಕ್ಕಪಕ್ಕದ ಕೊನೇ ಕೋಟ್ ಪೇಂಟನ್ನು ಒಂದು ಮಳೆಗಾಲ ಕಳೆದ ಮೇಲೆ ಹೊಡೆಸಿ. ಸೀಲೆಂಟ್ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಅಷ್ಟು ಹೊತ್ತಿಗೆ ಕಾಣುತ್ತದೆ, ಅಷ್ಟು ಭಾಗ ಕೆರೆದು ಮತ್ತೆ ತುಂಬಿಸಬಹುದು.