ಪೀಕ್ ಫ್ಲೋ ಮೀಟರಿನ ಪಕ್ಕದಲ್ಲೊಂದು ಟೇಪು

ಹನುಮಂತನಗರದ ನನ್ನ ಚಿಕಿತ್ಸಾಲಯದ ಮೇಜಿನ ಮೇಲೆ, ಊದಿದ ಉಸಿರಿನ ರಭಸವನ್ನು ಅಳೆಯುವ ಪೀಕ್ ಫ್ಲೋ ಮೀಟರಿನ ಪಕ್ಕದಲ್ಲಿ ಈಗ ದರ್ಜಿಯ ಟೇಪೊಂದು ಇರುತ್ತದೆ. ಅಸ್ತಮಾ ಎಂದು ಬಂದ ವಯಸ್ಕರ ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳುವ ರೂಢಿ ನನಗೆ ತಡವಾಗಿ ಬಂತು. ಅದಕ್ಕೆ ಕಾರಣರಾದವರು ನಲವತ್ತು ದಾಟಿದ ಮೇಲೆ ಉಬ್ಬಸ ಶುರುವಾದ ಒಬ್ಬ ಮಹಿಳೆ.

ಅವರ ಎತ್ತರ 154 ಸೆಂ.ಮೀ., ತೂಕ 81 ಕೆ.ಜಿ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಸೂಚ್ಯಂಕ ಭಾರತೀಯರಲ್ಲಿ 25 ಮುಟ್ಟಿದರೆ ಬೊಜ್ಜು ಎನ್ನುತ್ತೇವೆ; ಅವರದು 34. ಇನ್ಹೇಲರಿನ ಸ್ಟೀರಾಯ್ಡ್ ಪ್ರಮಾಣವನ್ನು ಎರಡು ಸಲ ಹೆಚ್ಚಿಸಿದ್ದರೂ ರಾತ್ರಿಯ ದಮ್ಮು ನಿಂತಿರಲಿಲ್ಲ. ಒಂದು ದಿನ ಅವರ ಹಳೆಯ ಚೀಟಿಗಳನ್ನೆಲ್ಲ ಮುಂದೆ ಹರಡಿಕೊಂಡು ನೋಡಿದಾಗ, ಒಂದೇ ವರ್ಷದಲ್ಲಿ ಮೂರು ಸಲ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ನಾಲ್ಕು ಸಲ ಆ್ಯಂಟಿಬಯಾಟಿಕ್‌ಗಳನ್ನೂ ಬರೆದವನು ನಾನೇ ಎಂಬುದು ಗಮನಕ್ಕೆ ಬಂತು. ಮೊದಲನೆಯದು ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತದೆ, ಎರಡನೆಯದು ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲವನ್ನು ಕೆಡಿಸುತ್ತದೆ. ಅವರಿಗೆ ಉಬ್ಬಸ ಕೆರಳಿಸುತ್ತಿದ್ದುದು ಬಹುಪಾಲು ವೈರಸ್ಸಿನ ನೆಗಡಿ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕಾಗಿಯೇ ಇರಲಿಲ್ಲ.

ಹೊಟ್ಟೆಯ ಕೊಬ್ಬು, ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆಯನ್ನು ಮೇಲಕ್ಕೊತ್ತುವುದರಿಂದ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿ ಕಡಿಮೆಯಾಗಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಅದು ಸಾಲದೆಂಬಂತೆ ಕೊಬ್ಬಿನ ಅಂಗಾಂಶವು ಲೆಪ್ಟಿನ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತ ಉರಿಯೂತಕ್ಕೆ ಇಂಬು ಕೊಡುತ್ತದೆ. ವಯಸ್ಕರಾದ ಮೇಲೆ ಬರುವ ಈ ಬಗೆಯ ಅಸ್ತಮಾದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಪಾತ್ರ ಅನೇಕರಲ್ಲಿ ಅಲ್ಪವಾದ್ದರಿಂದ ಸ್ಟೀರಾಯ್ಡ್ ಅಷ್ಟಾಗಿ ನಾಟುವುದಿಲ್ಲ. ಇನ್ನು ಕರುಳಿನ ವಿಷಯ. ನಾವು ತಿಂದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ನಾರು ಹೆಚ್ಚಿರುವ ಆಹಾರ ತಿಂದ ಇಲಿಗಳಲ್ಲಿ ಈ ಆಮ್ಲಗಳು ಹೆಚ್ಚಿ, ಶ್ವಾಸನಾಳದಲ್ಲಿ ಅಲರ್ಜಿಯ ಉರಿಯೂತ ತಗ್ಗುತ್ತದೆಂದು ಸ್ವಿಟ್ಜರ್‌ಲೆಂಡಿನ ಸಂಶೋಧಕರು 2014ರಲ್ಲಿ ತೋರಿಸಿದರು. ಇಲಿಗಳಲ್ಲಿ ಕಂಡದ್ದನ್ನು ನಂಬಿ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪ್ರೊಬಯಾಟಿಕ್ ಮಾತ್ರೆ ಬರೆದುಕೊಡಲು ನನಗೆ ಮನಸ್ಸಾಗಲಿಲ್ಲ. ಸೊಪ್ಪು, ಕಾಳು ತಿನ್ನಿಸಲು ಮಾತ್ರ ಯಾವ ಅಳುಕೂ ಇರಲಿಲ್ಲ.

ಬೊಜ್ಜಿನಿಂದಲೇ ಏದುಸಿರು ಬರುವುದೂ ಉಂಟಾದ್ದರಿಂದ ಮೊದಲು ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆ ಮಾಡಿಸಿ ಅಸ್ತಮಾವನ್ನು ಖಚಿತಪಡಿಸಿಕೊಂಡೆ. ಇನ್ಹೇಲರ್ ಪಂಪನ್ನು ನನ್ನೆದುರಿಗೇ ಬಳಸಲು ಹೇಳಿದಾಗ ಅರ್ಧ ಔಷಧ ಗಂಟಲಲ್ಲೇ ಉಳಿಯುತ್ತಿತ್ತು; ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಕೊಳವೆಯಾದ ಸ್ಪೇಸರ್ ಕೊಟ್ಟೆ. ಔಷಧವನ್ನು ನಿಲ್ಲಿಸಲಿಲ್ಲ. ಬೆಳಗಿನ ಬೇಕರಿ ಬನ್ನು, ಸಂಜೆಯ ಕರಿದ ತಿಂಡಿ ಬಿಟ್ಟು ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಎಂದು ಬರೆದುಕೊಟ್ಟೆ. ಮುದ್ದೆ ಎಷ್ಟು ತಿಂದರೂ ತೂಕ ಬರುವುದಿಲ್ಲವೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿರುವುದರಿಂದ, ಹೊತ್ತಿಗೆ ಒಂದೇ ಮುದ್ದೆ ಎಂದು ಅಡಿಗೆರೆ ಎಳೆಯಬೇಕಾಯಿತು.

ಎಡವಿದ್ದೂ ಇಲ್ಲಿಯೇ. ಕಾಳನ್ನು ಒಮ್ಮೆಲೇ ಎರಡು ಹೊತ್ತಿಗೂ ಹೇಳಿಬಿಟ್ಟಿದ್ದೆ. ಹತ್ತು ದಿನಗಳೊಳಗೆ ಅವರು ಮರಳಿ ಬಂದು, "ಡಾಕ್ಟ್ರೇ, ಹೊಟ್ಟೆ ತಮಟೆ ಆಗಿದೆ, ಮಲಗಿದರೆ ಉಸಿರೇ ಆಡೋದಿಲ್ಲ" ಎಂದರು. ವಾಯು ತುಂಬಿದ ಹೊಟ್ಟೆಯೂ ವಪೆಯನ್ನು ಒತ್ತುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಅಂದಿನಿಂದ ನಾರನ್ನು ವಾರಕ್ಕಿಷ್ಟು ಎಂದು ನಿಧಾನವಾಗಿ ಏರಿಸುತ್ತೇನೆ. ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ ಬೇಯಿಸಲು ಹೇಳುತ್ತೇನೆ. ಹುಳಿತೇಗಿನಿಂದಲೂ ದಮ್ಮು ಕೆರಳುವುದರಿಂದ ರಾತ್ರಿಯ ಊಟವನ್ನು ಎಂಟು ಗಂಟೆಯೊಳಗೆ ಮುಗಿಸಲು ಹೇಳಿದೆ. ಡಿಸೆಂಬರಿನ ಮಂಜಿನಲ್ಲಿ ಲಾಲ್‌ಬಾಗಿಗೆ ನಡೆಯಲು ಹೋಗುತ್ತಿದ್ದ ಅವರಿಗೆ ಬಿಸಿಲೇರಿದ ಮೇಲೆ ಹೊರಡಲು, ಹೊರಡುವ ಹದಿನೈದು ನಿಮಿಷ ಮೊದಲು ಶ್ವಾಸನಾಳ ಹಿಗ್ಗಿಸುವ ಪಂಪ್ ಎಳೆದುಕೊಳ್ಳಲು ತಿಳಿಸಿದೆ.

ತೂಕ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಅಸ್ತಮಾ ಹತೋಟಿಗೆ ಬರಲು ಸಹಾಯವಾಗುತ್ತದೆ. ಏಳು ತಿಂಗಳಲ್ಲಿ ಅವರು ಇಳಿಸಿದ್ದು ಆರು ಕೆ.ಜಿ. ರಾತ್ರಿ ಎದ್ದು ಕೂರುವುದು ನಿಂತಿದೆ. ಇನ್ಹೇಲರಿನ ಪ್ರಮಾಣವನ್ನು ಒಂದು ಮೆಟ್ಟಿಲು ಇಳಿಸಿದ್ದೇನೆ. ಇದನ್ನೆಲ್ಲ ಬರಿಯ ಕಾಳು ಸೊಪ್ಪಿನ ಲೆಕ್ಕಕ್ಕೆ ಬರೆಯಲಾರೆ, ಸ್ಪೇಸರಿನ ಪಾಲು ದೊಡ್ಡದು. ಕಳೆದ ಮಳೆಗಾಲದ ನೆಗಡಿಯಲ್ಲಿ ಅವರಿಗೆ ಮತ್ತೆ ಐದು ದಿನ ಪ್ರೆಡ್ನಿಸೋಲೋನ್ ಕೊಡಬೇಕಾಯಿತು. ಆ ಚೀಟಿಯಲ್ಲಿ ಆ್ಯಂಟಿಬಯಾಟಿಕ್ ಇರಲಿಲ್ಲ.