ಕೃತಕ ಕಿಣ್ವದ ವೇಗವನ್ನು ಅಳೆಯಲು ಹೊರಟಾಗ

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನನ್ನ ಪಾಲಿಗೆ ಬಂದ ಕೆಲಸ ಕೇಳಲು ಸರಳವಾಗಿತ್ತು. ಸಿಟ್ಯಾಬ್ ಎಂಬ ಸಾಬೂನಿನಂತಹ ಸರ್ಫ್ಯಾಕ್ಟಂಟ್‌ನ ಮೈಸೆಲ್‌ಗಳಲ್ಲಿ (ಅದರ ಅಣುಗಳು ನೀರಿನಲ್ಲಿ ಕೂಡಿ ಕಟ್ಟುವ ಸೂಕ್ಷ್ಮ ಗುಂಡುಗಳಲ್ಲಿ) ಮಿರಿಸ್ಟಾಯಿಲ್ ಹಿಸ್ಟಿಡಿನ್ ಅನ್ನು, ಅಂದರೆ ಉದ್ದ ಬಾಲ ಜೋಡಿಸಿದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿ, ಅದು ಪ್ಯಾರಾ ನೈಟ್ರೋಫಿನೈಲ್ ಹೆಕ್ಸನೋಯೇಟ್ ಎಂಬ ಎಸ್ಟರನ್ನು ಎಷ್ಟು ವೇಗವಾಗಿ ಒಡೆಯುತ್ತದೆ ಎಂಬುದನ್ನು ಅಳೆಯಬೇಕಿತ್ತು. ಕೈಮೋಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವದ ಸಕ್ರಿಯ ತಾಣದಲ್ಲಿಯೂ ಹಿಸ್ಟಿಡಿನ್ ಇರುವುದರಿಂದ ಇಂತಹ ಮಿಶ್ರಣವನ್ನು ಕೃತಕ ಕಿಣ್ವವೆಂದು ಕರೆಯುವ ರೂಢಿಯಿದೆ. ಅಲ್ಲಿ ಅದು ಪ್ರತ್ಯಾಮ್ಲವಾಗಿ ಇನ್ನೊಂದು ಅಮೈನೋ ಆಮ್ಲವಾದ ಸೆರಿನ್‌ಗೆ ನೆರವಾಗುತ್ತದೆ, ಇಲ್ಲಿ ತಾನೇ ಎಸ್ಟರಿನ ಮೇಲೆ ಎರಗುತ್ತದೆ. ಹೀಗಾಗಿ ಈ ಹೋಲಿಕೆಯನ್ನು ನಾನು ಎಂದೂ ಬಹಳ ದೂರ ಎಳೆದವನಲ್ಲ.

ಎಸ್ಟರ್ ಒಡೆದಾಗ ಬಿಡುಗಡೆಯಾಗುವ ನೈಟ್ರೋಫಿನೋಲೇಟ್ ಹಳದಿಯಾಗಿದ್ದು, 400 ನ್ಯಾನೋಮೀಟರ್ ಸುತ್ತ ಬೆಳಕನ್ನು ಹೀರುತ್ತದೆ. ಸಮಯಕ್ಕೆ ತಕ್ಕಂತೆ ಹೀರಿಕೆ ಏರುವುದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ದಾಖಲಿಸಿದರೆ ಸಾಕೆಂದು ಮೊದಲು ಭಾವಿಸಿದ್ದೆ. ಪಿಎಚ್ 7ರ ಬಫರಿನಲ್ಲಿ ಸಿಟ್ಯಾಬ್ ಸೇರಿಸಿದೊಡನೆ ಆರಂಭಿಕ ಇಳಿಜಾರು ಸುಮಾರು ಎರಡು ಪಟ್ಟಾಯಿತು, ಇನ್ನೂ ಹಿಸ್ಟಿಡಿನ್ ಹಾಕಿರಲಿಲ್ಲ. ಎರಡು ದಿನ ಸಂತೋಷವಾಗಿದ್ದೆ.

ತಪ್ಪು ಬಣ್ಣದ ಲೆಕ್ಕದಲ್ಲಿತ್ತು. ನೀರಿನಲ್ಲಿ ನೈಟ್ರೋಫಿನಾಲ್‌ನ ಪಿಕೆಎ (ಅರ್ಧದಷ್ಟು ಅಣುಗಳು ಅಯಾನಾಗಿರುವ ಪಿಎಚ್) ಸುಮಾರು 7.15 ಇರುವುದರಿಂದ ಪಿಎಚ್ 7ರಲ್ಲಿ ಅದರ ಶೇಕಡಾ 40ರಷ್ಟು ಮಾತ್ರ ಹಳದಿ ಅಯಾನಿನ ರೂಪದಲ್ಲಿರುತ್ತದೆ. ಧನ ವಿದ್ಯುದಂಶದ ಮೈಸೆಲ್ ಮೇಲ್ಮೈ ಆ ಋಣ ಅಯಾನನ್ನು ತನ್ನತ್ತ ಸೆಳೆದು ಪಿಕೆಎಯನ್ನು ಇಳಿಸುತ್ತದೆ; ಆಗ ಅಷ್ಟೇ ಪ್ರಮಾಣದ ನೈಟ್ರೋಫಿನಾಲ್ ಹೆಚ್ಚು ಹಳದಿಯಾಗಿ ಕಾಣುತ್ತದೆ. ನೀರಿನಲ್ಲಿ ಪಡೆದ ಹೀರಿಕೆಯ ಗುಣಾಂಕವನ್ನೇ (ಹೀರಿಕೆಯನ್ನು ಸಾರತೆಗೆ ಪರಿವರ್ತಿಸುವ ಅಂಕಿ) ಎಲ್ಲೆಡೆ ಬಳಸಿದ್ದ ನಾನು ಬಣ್ಣದ ಹೆಚ್ಚಳವನ್ನು ವೇಗದ ಹೆಚ್ಚಳವೆಂದು ಓದಿದ್ದೆ. ಅಂದಿನಿಂದ ಪ್ರತಿ ಸಿಟ್ಯಾಬ್ ಸಾರತೆಯಲ್ಲೂ, ಅದೇ ಬಫರಿನಲ್ಲಿ, ತಿಳಿದ ಪ್ರಮಾಣದ ನೈಟ್ರೋಫಿನಾಲ್ ಹಾಕಿ ಗುಣಾಂಕವನ್ನು ಬೇರೆಯಾಗಿಯೇ ಪಡೆಯತೊಡಗಿದೆ. ವೇಗವರ್ಧಕ ಎಸ್ಟರಿಗಿಂತ ಹಲವು ಪಟ್ಟು ಹೆಚ್ಚಿದ್ದ ಪ್ರಯೋಗಗಳಲ್ಲಿ, ಕ್ರಿಯೆ ಮುಗಿದ ಮೇಲಿನ ಹೀರಿಕೆಯಿಂದ ಆಯಾ ಕ್ಷಣದ ಹೀರಿಕೆಯನ್ನು ಕಳೆದು ಅದರ ಲಾಗರಿದಮ್ಮನ್ನು ಸಮಯದ ಎದುರು ಗುರುತಿಸಿದರೆ ಈ ತೊಡಕು ತಾನಾಗಿಯೇ ತಪ್ಪುತ್ತದೆ, ಏಕೆಂದರೆ ಆ ರೇಖೆಯ ಇಳಿಜಾರಿಗೆ ಗುಣಾಂಕವೇ ಬೇಕಿಲ್ಲ.

ಉಳಿದ ಎಚ್ಚರಿಕೆಗಳು ಕೈಗೆಲಸಕ್ಕೆ ಸೇರಿದವು. ಸಿಟ್ಯಾಬ್ 25 ಡಿಗ್ರಿಯ ಆಸುಪಾಸಿನಲ್ಲಿ ಹರಳುಗಟ್ಟುವುದರಿಂದ ಎಲ್ಲವನ್ನೂ 30 ಡಿಗ್ರಿಯಲ್ಲಿ ಮಾಡಿದೆ. ಕುವೆಟ್ಟನ್ನು (ದ್ರಾವಣ ಹಿಡಿಯುವ ಪುಟ್ಟ ಪಾರದರ್ಶಕ ಪಾತ್ರೆಯನ್ನು) ಕುಲುಕಿದರೆ ನೊರೆ ಏಳುತ್ತದೆ, ನಿಧಾನವಾಗಿ ತಲೆಕೆಳಗೆ ಮಾಡಿದರೆ ಸಾಕು. ಟ್ರಿಸ್ ಬಫರ್ ಸ್ವತಃ ಅಮೈನ್ ಆಗಿದ್ದು ತಾನೂ ಎಸ್ಟರಿನ ಮೇಲೆ ಎರಗಬಲ್ಲದಾದ್ದರಿಂದ ಅದನ್ನು ಬಿಟ್ಟು ಫಾಸ್ಫೇಟ್ ಹಿಡಿದೆ. ಎಸ್ಟರನ್ನು ಅಸಿಟೋನೈಟ್ರೈಲಿನಲ್ಲಿ ಆಯಾ ದಿನವೇ ಕರಗಿಸಿ, ಅಂತಿಮ ದ್ರಾವಣದಲ್ಲಿ ಅಸಿಟೋನೈಟ್ರೈಲ್ ಶೇಕಡಾ 1 ಮೀರದಂತೆ ಸೇರಿಸುತ್ತಿದ್ದೆ.

ಸಿಟ್ಯಾಬ್ ಮಾತ್ರ ಇದ್ದ ಬಫರ್, ಬಾಲವಿಲ್ಲದ ಅಸಿಟೈಲ್ ಹಿಸ್ಟಿಡಿನ್ ಸೇರಿಸಿದ ಅದೇ ದ್ರಾವಣ, ಬರಿಯ ಬಫರ್ ಎಂಬ ಮೂರು ಹೋಲಿಕೆಗಳಿಲ್ಲದೆ ಯಾವ ಅಂಕಿಯನ್ನೂ ನಂಬಲಿಲ್ಲ. ಮೈಸೆಲ್ ಇದ್ದಾಗ ವೇಗ ಏರುವುದು ನಿಜ, ಆದರೆ ಸಿಟ್ಯಾಬ್ ಹೆಚ್ಚಾದಂತೆ ಅದು ಶಿಖರ ಮುಟ್ಟಿ ಇಳಿಯುತ್ತದೆ: ಎಸ್ಟರ್ ಒಂದು ಮೈಸೆಲ್‌ನಲ್ಲಿ, ಹಿಸ್ಟಿಡಿನ್ ಇನ್ನೊಂದರಲ್ಲಿ ಹಂಚಿಹೋಗಿ ಪರಸ್ಪರ ಭೇಟಿಯೇ ವಿರಳವಾಗುತ್ತದೆ.

ಕೊನೆಗೆ ಉಳಿದದ್ದು, ಈ ಹಿಸ್ಟಿಡಿನ್ ನಿಜಕ್ಕೂ ಮತ್ತೆ ಮತ್ತೆ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ. ಅದಕ್ಕಾಗಿ 0.02 ಮಿಲಿಮೋಲಾರ್ ಹಿಸ್ಟಿಡಿನ್‌ಗೆ 0.1 ಮಿಲಿಮೋಲಾರ್ ಎಸ್ಟರ್ ಕೊಟ್ಟೆ. ಹೀರಿಕೆ ಮೊದಲು ಜಿಗಿದು, ಬಳಿಕ ನಿಧಾನದ ರೇಖೆಯಲ್ಲಿ ಸಾಗಿತು. ಆ ನಿಧಾನದ ರೇಖೆಯನ್ನು ಹಿಂದಕ್ಕೆ ಎಳೆದಾಗ ಅದು ಶೂನ್ಯ ಸಮಯದಲ್ಲಿ ಕತ್ತರಿಸಿದ ಎತ್ತರವು ಹಾಕಿದ ಹಿಸ್ಟಿಡಿನ್ ಪ್ರಮಾಣಕ್ಕೆ ಹತ್ತಿರವಿತ್ತು. ಎಂದರೆ ಹಿಸ್ಟಿಡಿನ್‌ನ ಇಮಿಡಜೋಲ್ ಉಂಗುರ ಒಮ್ಮೆ ಎಸ್ಟರಿನ ಅಸೈಲ್ ಗುಂಪನ್ನು ಹೊತ್ತು, ಅದನ್ನು ಕಳಚಲು ತಡಮಾಡುತ್ತಿತ್ತು. ವರದಿಯಲ್ಲಿ ಆ ಎರಡನೆಯ ಇಳಿಜಾರಿನಿಂದ ಹಿಸ್ಟಿಡಿನ್ ಇಲ್ಲದ ದ್ರಾವಣದ ವೇಗವನ್ನು ಕಳೆದು, ಉಳಿದದ್ದನ್ನು ಮಾತ್ರ ವೇಗವರ್ಧನೆ ಎಂದು ಬರೆದೆ.