2⁶⁷ − 1 ಒಡೆದದ್ದು: ನನ್ನ ಅನುಭವ

147573952589676412927. ಇಪ್ಪತ್ತೊಂದು ಅಂಕಿ. 1644ರಲ್ಲಿ ಫ್ರೆಂಚ್ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ ಅಂತ ಪಟ್ಟಿಗೆ ಸೇರಿಸಿದ. 1876ರಲ್ಲಿ ಇದು ಅವಿಭಾಜ್ಯ ಅಲ್ಲ ಅಂತ ಗಣಿತಜ್ಞ ಲ್ಯೂಕಾ ತೋರಿಸಿದರೂ ಭಾಜಕ ಸಿಕ್ಕಿದ್ದು ಕೋಲ್‌ಗೆ, 1903ರಲ್ಲಿ. ಉತ್ತರ ನೋಡದೆ, ಪೊಲಾರ್ಡ್‌ನ ಪಿ ಮೈನಸ್ ಒನ್ ವಿಧಾನದಲ್ಲೇ ಇದನ್ನು ಒಡೆಯಬೇಕು ಅನ್ನೋದು ನನ್ನ ಹಟ. ಭಾಜಕದಿಂದ 1 ಕಳೆದಾಗ ಬರುವ ಸಂಖ್ಯೆ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವಂತಿದ್ದರೆ ಮಾತ್ರ ಆ ಭಾಜಕವನ್ನು ಹಿಡಿಯುವ ವಿಧಾನ ಅದು. "ಅದು ಅದೃಷ್ಟದ ಆಟ ಕಣೋ, ಎಲಿಪ್ಟಿಕ್ ಕರ್ವ್ ವಿಧಾನ ಹಿಡಿ" ಅಂತ ಜೊತೆಯವರೆಲ್ಲ ಹೇಳಿದರು.

ಅದಕ್ಕೂ ಮೊದಲು ನೇರ ಭಾಗಾಕಾರದಲ್ಲಿ ದುಡ್ಡು ಕಳೆದುಕೊಂಡಿದ್ದೆ. ಈ ಸಂಖ್ಯೆಯ ಭಾಜಕಗಳು ಇಂಥವೇ ಆಗಿರಬೇಕು ಅನ್ನೋ ನಿಯಮವಿದೆ, ಹಾಗಾಗಿ 134ರ (67ರ ಎರಡರಷ್ಟು) ಗುಣಕಕ್ಕೆ 1 ಕೂಡಿಸಿ, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವವನ್ನಷ್ಟೇ ಸಾಲಾಗಿ ನೋಡುತ್ತಾ ಹೋದೆ. ದೊಡ್ಡ ಯಂತ್ರವನ್ನೇ ಬಾಡಿಗೆಗೆ ಹಿಡಿದಿದ್ದೆ. ಎರಡು ತಿಂಗಳ ಬಾಡಿಗೆ ಹೋಯಿತು, ಒಂದೂ ಭಾಜಕ ಬರಲಿಲ್ಲ. ಆಮೇಲೆ ಒಂದು ರಾತ್ರಿ ಸಂಖ್ಯೆಯನ್ನೇ ತೆರೆಗೆ ಮುದ್ರಿಸಿ ನೋಡಿದೆ: ಕೊನೆಯಲ್ಲಿ 927 ಇರಬೇಕಾದಲ್ಲಿ 928. ಸಂಖ್ಯೆಯನ್ನು ದಶಾಂಶದ ಚಲರಾಶಿಯಲ್ಲಿ (ಫ್ಲೋಟ್) ಇಟ್ಟಿದ್ದೆ. ಅದರಲ್ಲಿ 53 ಬಿಟ್ ಮಾತ್ರ ನಿಲ್ಲುತ್ತದೆ, ಹಾಗಾಗಿ ಆ ಒಂದು ಕಳೆದದ್ದೇ ಉಳಿದಿರಲಿಲ್ಲ. ಎರಡು ತಿಂಗಳು ನಾನು ಭಾಗಿಸಿದ್ದು ಬರೀ 2⁶⁷ ಅನ್ನು. ಬೆಸ ಸಂಖ್ಯೆ ಅದನ್ನು ಹೇಗೆ ಭಾಗಿಸೀತು!

ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ತೆರೆದು ಪಿ ಮೈನಸ್ ಒನ್ ಬರೆದೆ, ಇಪ್ಪತ್ತು ಸಾಲೂ ಆಗಲಿಲ್ಲ. ಒಂದು ಆಧಾರ ಸಂಖ್ಯೆಯನ್ನು, ಒಂದು ಮಿತಿಯವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ದೊಡ್ಡ ಘಾತಕ್ಕೆ ಏರಿಸಿ, 1 ಕಳೆದು, ಒಡೆಯಬೇಕಾದ ಸಂಖ್ಯೆಯ ಜೊತೆ ಅದರ ಮ.ಸಾ.ಅ. ತೆಗೆಯುವುದು, ಅಷ್ಟೇ. ಆಧಾರ 2 ಇಟ್ಟೆ. ಮ.ಸಾ.ಅ. ಅಂತ ಇಡೀ ಸಂಖ್ಯೆಯೇ ಬಂತು. ತಾಸುಗಟ್ಟಲೆ ಕೋಡ್ ತಡಕಾಡಿದೆ. ತಪ್ಪು ಕೋಡಿನದಲ್ಲ: ಘಾತದಲ್ಲಿ 67 ಸೇರಿದ ಕ್ಷಣವೇ 2ರ ಘಾತವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಆಗಿಬಿಡುತ್ತದೆ, ಈ ಸಂಖ್ಯೆ ಹುಟ್ಟಿರುವುದೇ ಹಾಗೆ. ಮರ್ಸೆನ್ ಸಂಖ್ಯೆಗೆ (2ರ ಘಾತದಿಂದ 1 ಕಳೆದ ಇಂಥ ಸಂಖ್ಯೆಗೆ) ಆಧಾರ 2 ಮುಟ್ಟಲೇಬೇಡಿ.

ಆಧಾರ 3, ಮಿತಿ 1000: ಬಂದದ್ದು 1. ಧೈರ್ಯ ಮಾಡಿ ಮಿತಿ 10000ಕ್ಕೆ ಏರಿಸಿದೆ: ಮತ್ತೆ ಇಡೀ ಸಂಖ್ಯೆ. "ಹೇಳಿದ್ದೆವಲ್ಲ" ಅಂದರು. ನನಗೆ ಮಾತ್ರ ಅದು ಒಳ್ಳೆಯ ಸುದ್ದಿ. ಇಡೀ ಸಂಖ್ಯೆ ಬಂತೆಂದರೆ ಎರಡೂ ಭಾಜಕ ಬಲೆಗೆ ಬಿದ್ದಿವೆ, ಒಂದು ಮೊದಲು, ಇನ್ನೊಂದು ಆಮೇಲೆ. ನಡುವೆ ನಿಲ್ಲಿಸಬೇಕು ಅಷ್ಟೇ. ಎಷ್ಟೆಷ್ಟು ಹೆಜ್ಜೆಗೆ ನಿಲ್ಲಿಸಿ ಮ.ಸಾ.ಅ. ನೋಡುತ್ತೇನೆ ಅನ್ನೋದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅದು ನನ್ನ ದುಡಿಮೆ. 3000ದ ಹತ್ತಿರ ತೆರೆಯ ಮೇಲೆ ಬಂತು: 193707721. ಜೊತೆಗಾರ 761838257287.

ಮೊದಲನೆಯದರಿಂದ 1 ಕಳೆದು ಒಡೆದರೆ 8 × 27 × 5 × 67 × 2677. ಅದಕ್ಕೇ 1000ಕ್ಕೆ ಸಿಗದೆ 3000ಕ್ಕೆ ಸಿಕ್ಕಿದ್ದು. ಎರಡನೆಯದರಲ್ಲಿ ಅತಿ ದೊಡ್ಡ ತುಂಡು 8539, ಹಾಗಾಗಿ 10000ಕ್ಕೆ ಎರಡೂ ಒಟ್ಟಿಗೆ ಬಂದವು. ನಾಲ್ಕು ಸಾವಿರ ಚಿಲ್ಲರೆ ಸಲ ವರ್ಗ ಮಾಡಿ ಶೇಷ ತೆಗೆದದ್ದಷ್ಟೇ ಒಟ್ಟು ಕೆಲಸ. ಸಾಲಾಗಿ ಭಾಗಿಸುತ್ತಾ ಹೋಗಿದ್ದರೆ ಏಳು ಲಕ್ಷ ದಾಟಬೇಕಿತ್ತು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ, ಬಿಡಿಗಾಸು ಖರ್ಚಿಲ್ಲದೆ ಆಗಿದ್ದು.

ಕೈ ಸುಮ್ಮನಿರಲಿಲ್ಲ, 2⁶⁴ + 1 ಅನ್ನೂ ಹಾಕಿ ನೋಡಿದೆ. 1880ರಲ್ಲಿ ಲ್ಯಾಂಡ್ರಿ ಒಡೆದ ಸಂಖ್ಯೆ. ಅಲ್ಲೂ ಆಧಾರ 3, ಮಿತಿ ಬರೀ 300. ಎಂಟರ್ ಒತ್ತಿದ ಬೆರಳು ಎತ್ತುವ ಮೊದಲೇ 274177 ಬಂದು ನಿಂತಿತ್ತು. ಅದರಿಂದ 1 ಕಳೆದರೆ 256 × 9 × 7 × 17.